ನಲವತ್ತೊಂದನೇ ಬಳಚು

ನದಿ ಹೇಗಿದೆ ಎಂದು ನದಿಯೊಳಗೆ ಸಂಸಾರ ಮಾಡುವವರನ್ನೇ ಕೇಳಿದರೆ ಹೇಗೆ?

ಹಿಂದೊಂದು ಕಾಲದಲ್ಲಿ ಯಾರಾದರೂ ಹೀಗಂದಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಈಗ ಮಾಣಿಕಕುರ್ವೆಯಲ್ಲಿ ಯಾರೂ ನಗುವುದಿಲ್ಲ. ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ, ಸುತ್ತ ಉಪ್ಪುನೀರು ನಡುವೆ ಒಂದಷ್ಟು ಮನೆ ಎಂಬಂತಿರುವ ಆ ನಡುಗಡ್ಡೆಯ ಪಕ್ಕ ಒಂದು ದೊಡ್ಡ ಮರಳದಿಬ್ಬವಿದೆ. ದಿಬ್ಬದ ಅಂಚಿನಲ್ಲಿ ಎಂಥ ಇಳಿತಕ್ಕೂ ಬತ್ತದ ಒಂದು ಮಡು. ಆ ಮಡುವಿನಲ್ಲಿ, ಬಲೆಯ ಬುಟ್ಟಿಯೊಳಗೆ, ನಲವತ್ತು ಬಳಚುಗಳು ಸರ್ಕಾರಿ ಕೆಲಸದಲ್ಲಿದ್ದವು.

ಬಳಚು ಎಂದರೆ ಎರಡು ಚಿಪ್ಪು, ನಡುವೆ ಒಂದು ತುತ್ತು ಮಾಂಸ. ತಲೆಯಿಲ್ಲ, ಕಣ್ಣಿಲ್ಲ, ಗುಮಾಸ್ತಿಕೆಗೆ ಬೇಕಾದ ಯಾವ ಯೋಗ್ಯತೆಯೂ ಇಲ್ಲ. ಆದರೆ ನೀರು ಹಿತವಾಗಿದ್ದರೆ ಚಿಪ್ಪು ತೆರೆದು ಕುಡಿಯುತ್ತ ಕೂರುತ್ತದೆ. ವಿಷದ ಸುಳಿವು ಸಿಕ್ಕರೆ ಯಾವ ಪ್ರಯೋಗಶಾಲೆಗಿಂತಲೂ ಮೊದಲೇ ಟಪ್ಪನೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಪ್ರತಿಯೊಂದರ ಒಂದು ಚಿಪ್ಪಿಗೆ ಸಾಸಿವೆಯಷ್ಟು ಅಯಸ್ಕಾಂತ ಅಂಟಿಸಿ, ಎದುರು ಚಿಪ್ಪಿಗೆ ಅದು ಎಷ್ಟು ದೂರ ಸರಿಯಿತೆಂದು ಅಳೆಯುವ ಕೂದಲೆಳೆಯ ತಂತಿ ಹಚ್ಚಿದ್ದರು. ತಂತಿಗಳೆಲ್ಲ ದಡದ ಪುಟ್ಟ ನಿಗಾ ಠಾಣೆಗೆ ಬಂದು, ಸ್ಟೀಲಿನ ಊಟದ ಡಬ್ಬಿಯೊಳಗೆ ಉಪ್ಪುಗಾಳಿ ತಾಗದಂತೆ ಕುಳಿತಿದ್ದ ಅಂಗೈಯಗಲದ ಲಿನಕ್ಸ್ ಕಂಪ್ಯೂಟರನ್ನು ಸೇರುತ್ತಿದ್ದವು. ಅದು ಬಳಚುಗಳ ಸುದ್ದಿಯನ್ನು ಮಾಡಿನ ಮೇಲಿನ ಆಕಾಶತಟ್ಟೆಯಿಂದ ಉಪಗ್ರಹಕ್ಕೆ ಕಳಿಸಿದರೆ, ಉಪಗ್ರಹ ಕಾರವಾರದ ಅಳಿವೆ ನಿಗಾ ಕೇಂದ್ರಕ್ಕೆ ಮುಟ್ಟಿಸುತ್ತಿತ್ತು. ಕೇಂದ್ರ ಒಪ್ಪಿತೋ, ದಿಬ್ಬದ ಕಂಬದ ಮೇಲೆ ಹಸಿರು ದೀಪ. ಊರಿನ ಹೆಂಗಸರು ಬುಟ್ಟಿ ಹಿಡಿದು ಬಳಚು ಹೆಕ್ಕಲು ಇಳಿಯಬಹುದು. ಕೆಂಪಾದರೆ ಇಲ್ಲ.

ಈ ಏರ್ಪಾಟಿಗೆ ಸಿಡಿಲು ಬಡಿಯಿತು. ಮಾತಿಗೆ ಹೇಳುವ ಸಿಡಿಲಲ್ಲ, ನಿಜವಾದದ್ದೇ. ಆಕಾಶತಟ್ಟೆ ಹಪ್ಪಳದ ಹಾಗೆ ಸುಟ್ಟು ಸುರುಟಿಕೊಂಡಿತು. ಹೊಸದು ಬರುವುದು ಮಳೆಗಾಲ ಕಳೆದ ಮೇಲೆ ಎಂದು ಉತ್ತರ ಬಂತು. ಹಿಂದೊಮ್ಮೆ ಎಲ್ಲೋ ಕೆಟ್ಟ ನೀರಿನ ಚಿಪ್ಪಿ ತಿಂದು ಜನ ಹಾಸಿಗೆ ಹಿಡಿದಿದ್ದರಿಂದ ಕೇಂದ್ರದ ನಿಯಮ ಬಿಗಿಯಾಗಿತ್ತು: ಸುದ್ದಿ ಬಾರದ ನೀರು ಕೆಟ್ಟ ನೀರು. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆವರೆಗೆ ದಿಬ್ಬ ಮೌನವಾಗಿದ್ದರೆ ಆ ವರ್ಷ ಪೂರ್ತಿ ಬಂದ್.

ಮುಂದಿನ ಹುಣ್ಣಿಮೆ ಶನಿವಾರ ಇತ್ತು.

ಠಾಣೆಯನ್ನು ನೋಡಿಕೊಳ್ಳುತ್ತಿದ್ದವಳು ಪ್ರಣತಿ. ಎಲೆಕ್ಟ್ರಾನಿಕ್ಸ್ ಓದಿ ಪದವಿ ಪಡೆದ ಹುಡುಗಿ, ಇದೇ ಊರಿನವಳು. ಬಳಚುಗಳ ಜೊತೆ ಅವಳಿಗೆ ಚೆನ್ನಾಗಿ ಹೊಂದಿಕೆಯಾಗಿತ್ತು, ಏಕೆಂದರೆ ಅವು ಮಾತಾಡಿಸುತ್ತಿರಲಿಲ್ಲ. ನಾಲ್ಕು ಜನರ ಎದುರು ನಿಂತರೆ ಗಂಟಲಲ್ಲಿ ಕಡುಬು ಸಿಕ್ಕಿಕೊಂಡಂತಾಗುವ ಸ್ವಭಾವ ಅವಳದು. ಹಗಲಿಡೀ ಹೇಳದೆ ಬಿಟ್ಟ ಮಾತುಗಳನ್ನೆಲ್ಲ ಸಂಜೆ ಡೈರಿಯಲ್ಲಿ ಬರೆದಿಟ್ಟು ಹಗುರಾಗುತ್ತಿದ್ದಳು. ಅವಳ ತಾಯಿ ಮೋಹಿನಿಯೋ, ಆಚೆ ದಡದಲ್ಲಿ ನಿಂತವರ ಜೊತೆ ಈಚೆ ದಡದಿಂದಲೇ ಮದುವೆ ಮಾತುಕತೆ ಮುಗಿಸಬಲ್ಲ ಹೆಂಗಸು; ಬಳಚು ಹೆಕ್ಕುವವರಿಗೆಲ್ಲ ಮುಂದಾಳು. ಮಗಳನ್ನು ಅವಳು ಕರೆಯುತ್ತಿದ್ದದ್ದೇ "ನಮ್ಮನಿ ನಲವತ್ತೊಂದನೇ ಬಳಚು" ಅಂತ.

"ಯೇ ನಲವತ್ತೊಂದೂ, ನಿನ್ನ ದೀಪ ಯೆಂತಾಯ್ತೆ?" ಎಂದು ಸೋಮವಾರ ಅನ್ನ ಬಡಿಸುತ್ತ ಕೇಳಿದಳು. ಜಗುಲಿಯಲ್ಲಿ ಪಕ್ಕದ ಮನೆಯ ಗುಲಾಬಿ ಅತ್ತೆ ತೆಂಗಿನ ಗರಿ ಹೆಣೆಯುತ್ತ ಕುಳಿತಿದ್ದಳು.

"ನೋಡ್ತಾ ಇದ್ದೆ ಆಯಿ."

"ದೀಪನ ನಾವೂ ನೋಡ್ತಾ ಇದ್ವಲೇ," ಎಂದಳು ಗುಲಾಬಿ ಅತ್ತೆ. "ನೋಡಿ ನೋಡಿ ಕಣ್ಣೇ ಕೆಂಪಾಯ್ತು. ನನ್ನ ಫೋನು ಆಕಾಶಕ್ಕೇ ಹೋಗ್ತದಲ್ಲ, ಅದಕ್ಕೆ ಜೋಡ್ಸುಕೆ ಬರೂದಿಲ್ವ?"

ಬರುತ್ತಿರಲಿಲ್ಲ. ಈ ಕಾಲದ ಫೋನುಗಳು ಆಕಾಶದ ಜೊತೆ ನೇರ ಮಾತಾಡುತ್ತಿದ್ದವು ನಿಜ, ಆದರೆ ತಮ್ಮ ಸಂಪರ್ಕವನ್ನು ಬೇರೆ ಯಂತ್ರಕ್ಕೆ ಒಂದು ಗಳಿಗೆಯೂ ಎರವಲು ಕೊಡುತ್ತಿರಲಿಲ್ಲ. ಕಂಪನಿಗಳು ಆ ಬಾಗಿಲನ್ನು ಎಂದೋ ಮುಚ್ಚಿದ್ದವು. ಪ್ರಣತಿ ಇದನ್ನು ವಿವರಿಸಬೇಕೆಂದುಕೊಂಡು, "ಇಲ್ಲ ಅತ್ತೆ" ಎಂದಷ್ಟೇ ಹೇಳಿ ಸಾರಿಗೆ ಕೈ ಹಾಕಿದಳು.

"ಹಳೇ ಟವರೊಂದು ಗುಡ್ಡದ ಮೇಲೆ ಜೀವ ಹಿಡ್ಕಂಡದೆ," ಗುಲಾಬಿ ಅತ್ತೆ ಮುಂದುವರಿಸಿದಳು. "ನಮ್ಮನೆಯವ್ರ ದೋಣಿ ಎಲ್ಲದೆ ಅಂತ ಹೇಳು ಪೆಟ್ಟಿಗೆ ಮಾತಾಡುದು ಅದ್ರ ಸಂಗ್ತಿಗೇ. ಆಗೆಲ್ಲ ಅದೆಂತದೋ ಬೆರಳುದ್ದದ್ದು ಕಂಪ್ಯೂಟರಿಗೆ ಚುಚ್ಚಿ ಸಿನೆಮಾ ನೋಡ್ತಿದ್ರಪ್ಪ. ಡಾಂಗಲ್ಲು! ನಮ್ಮನೆ ಶೋಕೇಸ್‌ನಲ್ಲಿ ಕಪ್ಪೆಚಿಪ್ಪಿನ ಗಣಪತಿ ಪಕ್ಕ ಇನ್ನೂ ಕೂತದೆ."

ಪ್ರಣತಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮರುಕ್ಷಣ ಎಂಜಲುಗೈಯಲ್ಲೇ ಎದ್ದು ಓಡಿದಳು.

"ಹೋಯ್, ಕೈ ತೊಳಿಯೇ!" ಆಯಿ ಕೂಗಿದಳು. "ಗಣಪತಿಗೆ ಮೀನುಸಾರು ತಾಗ್ಸಬೇಡ!"

* * *

ಡಾಂಗಲ್ ಬಿಳಿಯ ಪ್ಲಾಸ್ಟಿಕ್ಕಿನದು, ವಯಸ್ಸಾಗಿ ಹಳದಿಗಟ್ಟಿತ್ತು. ಗುಲಾಬಿ ಅತ್ತೆಯ ಗಂಡ ತನ್ನ ದೋಣಿಯ ಪೆಟ್ಟಿಗೆಯಿಂದ ಸಿಮ್ ಬಿಚ್ಚಿಕೊಟ್ಟ. ಪ್ರಣತಿ ಅದನ್ನು ಒಳಗೆ ಕೂರಿಸಿ ಊಟದ ಡಬ್ಬಿಯ ಕಂಪ್ಯೂಟರಿಗೆ ಚುಚ್ಚಿದಳು. ಡಾಂಗಲ್ಲಿನ ದೀಪ ಒಮ್ಮೆ ಮಿಣುಕಿತು. ಕಂಪ್ಯೂಟರು ಉಸಿರು ಬಿಟ್ಟು ಮಲಗಿತು.

ಮತ್ತೆ ಎಬ್ಬಿಸಿದಳು. ಮತ್ತೆ ಮಲಗಿತು.

ಇದರ ಕಾರಣ ಅವಳಿಗೆ ಬೇಗ ಹೊಳೆಯಿತು. ಟವರನ್ನು ಕರೆಯುವಾಗ ಡಾಂಗಲ್ಲಿನೊಳಗಿನ ಮೋಡೆಮ್ ಒಮ್ಮೆಲೇ ಬಹಳ ಕರೆಂಟು ಎಳೆಯುತ್ತದೆ; ಅಂಗೈಯಗಲದ ಕಂಪ್ಯೂಟರಿಗೆ ಅಷ್ಟು ಕೊಡುವ ತ್ರಾಣವಿಲ್ಲ. ಬಡವರ ಮನೆಗೆ ದೊಡ್ಡ ನೆಂಟರು ಬಂದಂತೆ. ಸೌರ ಬ್ಯಾಟರಿಯಿಂದ ನೇರ ವಿದ್ಯುತ್ ಪಡೆಯುವ ಒಂದು ಯುಎಸ್‌ಬಿ ಹಬ್ ತಂದು, ನೆಂಟರ ಊಟ ಬೇರೆ, ಮನೆಯವರ ಊಟ ಬೇರೆ ಮಾಡಿದಳು. ಎರಡೂ ಎದ್ದು ಕುಳಿತವು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಯಾರೂ ಇಲ್ಲದ ಠಾಣೆಯಲ್ಲಿ ಚಪ್ಪಾಳೆ ತಟ್ಟಿ, ಕೂಡಲೇ ಯಾರಾದರೂ ಕೇಳಿದರೇನೋ ಎಂದು ಹೊರಗೆ ಇಣುಕಿದಳು. ಒಂದು ಬೆಳ್ಳಕ್ಕಿ ಮಾತ್ರ ಇತ್ತು.

ಆದರೆ ಕಂಪ್ಯೂಟರಿನ ತೆರೆಯ ಮೇಲೆ ಮೋಡೆಮ್ ಕಾಣಿಸಲಿಲ್ಲ. ಅದರ ಜಾಗದಲ್ಲಿ ಒಂದು ಸಿಡಿ ಕಾಣಿಸಿತು.

ಅದು ಈ ಜಾತಿಯ ಡಾಂಗಲ್ಲುಗಳ ಹಳೇ ಚಾಳಿ. ಚುಚ್ಚಿದ ಕೂಡಲೇ "ನಾನೊಂದು ಸಿಡಿ, ನನ್ನಲ್ಲಿರುವ ಸಾಫ್ಟ್‌ವೇರ್ ಹಾಕಿಕೊಳ್ಳಿ" ಎನ್ನುತ್ತವೆ. ಆ ಸಾಫ್ಟ್‌ವೇರ್ ಬೇರೆ ಬಗೆಯ ಕಂಪ್ಯೂಟರುಗಳಿಗೆ ಬರೆದದ್ದು; ಲಿನಕ್ಸಿಗೆ ಅದರಿಂದ ಉಪಯೋಗವಿಲ್ಲ. ಲಿನಕ್ಸಿನವರು ಅದಕ್ಕೆ ಒಂದು ಆಜ್ಞೆ ಕಂಡುಕೊಂಡಿದ್ದರು. ಆ ಸಿಡಿಯನ್ನು ಹೊರಗೆ ತಳ್ಳು ಎಂದರೆ ಸಾಕು, ಸಿಡಿ ಮಾಯವಾಗಿ ಮೋಡೆಮ್ ಎದ್ದು ಬರುತ್ತದೆ.

ಪ್ರಣತಿ ಆಜ್ಞೆ ಕೊಟ್ಟಳು. ಸಿಡಿ ಕದಲಲಿಲ್ಲ. ಬೇರೆ ಬೇರೆ ರೀತಿಯಲ್ಲಿ ಕೊಟ್ಟಳು. ಮಂಗಳವಾರ, ಬುಧವಾರ ಅದರಲ್ಲೇ ಕಳೆದವು. "ಬಳಕೆಯಲ್ಲಿದೆ" ಎಂಬ ಒಂದೇ ಉತ್ತರ. ಯಾರ ಬಳಕೆಯಲ್ಲಿ? ಅವಳೊಬ್ಬಳೇ ಇದ್ದಳಲ್ಲ.

ಕೊನೆಗೆ ಗುರುವಾರ, ಹೇಳಬೇಕಾದ್ದನ್ನು ಮೊದಲು ಚೀಟಿಯಲ್ಲಿ ಬರೆದುಕೊಂಡು, ಕಾರವಾರದ ಕೇಂದ್ರಕ್ಕೆ ಫೋನು ಮಾಡಿದಳು. ಫೋನಿನ ತೆರೆಯ ಮೇಲೆ ಡಾಕ್ಟರ್ ಪ್ರಭಂಜನ ಕಿತ್ತೂರರ ದುಂಡು ಮುಖ ಬಂತು. ಹಿಂದೆ ಗೋಡೆ ತುಂಬ ಅಳಿವೆಗಳ ನಕ್ಷೆ. ಗದಗದ ಕಡೆಯವರು. ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟದವರು ಇಡೀ ಕರಾವಳಿಯ ಚಿಪ್ಪಿಗಳ ಕ್ಷೇಮ ನೋಡುತ್ತಿದ್ದರು.

"ಹೇಳ್ರಿ ತಂಗಿ."

"ಸರ್... ನಾನು... ಬಳಚಿನ ಅಂಕಿ ಫೋನಲ್ಲೇ ಓದಿ ಹೇಳಿದ್ರೆ ಆಗತ್ತಾ?"

"ನಲವತ್ತು ಬಳಚು, ಒಂದೊಂದೂ ಕ್ಷಣಕ್ಕೊಮ್ಮೆ ಬಾಯಿ ಎಷ್ಟು ತಗೀತು ಅಂತ ನೀವು ಓದ್ತೀರೇನು? ನೀವು 'ನಮಸ್ಕಾರ' ಅನ್ನಾಕನ ಮೂರು ಸಲ ಉಸಿರು ತಗೋತೀರಲ್ರೀ!" ಅವರು ನಕ್ಕರು. ಆಮೇಲೆ ಮೆತ್ತಗಾದರು. "ನನಗೂ ದಿಬ್ಬ ಮುಚ್ಚೋದು ಬೇಕಾಗಿಲ್ಲ ತಂಗಿ. ಆದ್ರ ಅವು ತಾವ ಹೇಳಬೇಕು, ನಾ ಕೇಳಬೇಕು. ನಡುವ ಬ್ಯಾರೇದವರ ಮಾತು ನಡಿಯಂಗಿಲ್ಲ. ಶನಿವಾರ ಸಂಜೀ ಇಳಿತದ ತನಕ ನಾ ಕುರ್ಚಿ ಬಿಟ್ಟು ಏಳಂಗಿಲ್ಲ. ಆತಿಲ್ಲೋ?"

"ಆಯ್ತು ಸರ್," ಎಂದು ಫೋನಿಟ್ಟ ಮೇಲೆ, ಧನ್ಯವಾದ ಹೇಳಲಿಲ್ಲವಲ್ಲ ಎಂದು ಅವಳು ತುಂಬ ಹೊತ್ತು ಕೊರಗಿದಳು.

* * *

ಶನಿವಾರ ಮಧ್ಯಾಹ್ನ ಆಯಿ ಬುತ್ತಿ ಹೊತ್ತು ಠಾಣೆಗೇ ಬಂದಳು. ಹೊಸ್ತಿಲ ಮೇಲೆ ಕುಳಿತು ಕಾಲು ಚಾಚಿದಳು. ಹೊರಗೆ ನೀರು ಆಗಲೇ ಇಳಿಯತೊಡಗಿ, ದಿಬ್ಬದ ನೆತ್ತಿ ಆಮೆಯ ಬೆನ್ನಿನಂತೆ ಕಾಣುತ್ತಿತ್ತು. ಈಚೆ ದಡದಲ್ಲಿ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ, ಬುಟ್ಟಿ ಸಮೇತ ಬಂದು ಕುಳಿತಿದ್ದರು.

"ಯಾರು ಬರ್ಲಿಕ್ಕೆ ಹೇಳ್ದವ್ರು ಅವ್ರಿಗೆ?" ಪ್ರಣತಿ ಕಿಟಕಿಯಿಂದ ಹಿಂದೆ ಸರಿದಳು.

"ನಾನು. ಮತ್ಯಾರು? ನನ್ನ ಮಗಳು ದೀಪ ಹಚ್ತದೆ ಬರ್ರೇ ಅಂದೆ."

"ಆಗ್ದೇ ಇದ್ರೆ?"

"ಆಗ್ದೇ ಇದ್ರೆ ಗಾಳಿ ಕುಡ್ದು ಹೋಗ್ವಾ. ಉಣ್ಣು ಈಗ." ಆಯಿ ಬುತ್ತಿ ಬಿಚ್ಚಿದಳು. ಒಂದು ಕ್ಷಣ ಅವಳ ದನಿಯೂ ತಗ್ಗಿತು. "ಈ ವರ್ಷ ಬಂದಾದ್ರೆ ನಾವೆಲ್ಲ ಆಚೆ ದಡದ ಸಿಗಡಿ ಕಾರ್ಖಾನೆಗೇ ಸೈ. ಆ ಥಂಡಿ ಕೋಣೇಲಿ ಬಾಯಿಗೆ ಬಟ್ಟೆ ಕಟ್ಕಂಡು ನಿಲ್ಲುದು. ಒಂದು ಮಾತಾಡುಕಿಲ್ಲ. ನಾನು ಸತ್ತೇ ಹೋಗ್ತೆ ಮಗಾ."

ಪ್ರಣತಿಗೆ ನಗುವೂ ಬಂತು, ಕಣ್ಣೂ ತುಂಬಿತು. ಆಯಿ ಕೂಡಲೇ ಮೊದಲಿನಂತಾದಳು.

"ದೀಪ ಹಸ್ರಾಗ್ಲಿ, ಮೊದ್ಲ ಬಳಚು ನಿನ್ನ ಹೆಸ್ರಲ್ಲೇ ಬಿಡ್ತೆ ನೋಡು."

ಅದು ಆ ದಿಬ್ಬದ ಪದ್ಧತಿ. ನೀರಿಗಿಳಿದವರ ಕೈಗೆ ಮೊದಲು ಸಿಕ್ಕ ಬಳಚು ಬುಟ್ಟಿಗೆ ಹೋಗುವುದಿಲ್ಲ. ಎಷ್ಟೇ ದೊಡ್ಡದಿರಲಿ, "ನೀ ಹೋಗು, ನಿನ್ನ ಬಳಗ ಕಳ್ಸು" ಎಂದು ಹೇಳಿ ಅದನ್ನು ನದಿಗೇ ಎಸೆಯಬೇಕು. ಚಿಕ್ಕವಳಿದ್ದಾಗ ಪ್ರಣತಿ ಒಮ್ಮೆ ತನ್ನ ಮೊದಲ ಬಳಚನ್ನು ಬಿಡದೆ ಮುಷ್ಟಿಯಲ್ಲಿ ಬಿಗಿಹಿಡಿದು ನಿಂತಿದ್ದಳು. ಕೈ ತುಂಬಿದ್ದರಿಂದ ಆ ದಿನವಿಡೀ ಅವಳಿಗೆ ಇನ್ನೊಂದು ಹೆಕ್ಕಲಾಗಿರಲಿಲ್ಲ. ಎಲ್ಲರೂ ನಕ್ಕಿದ್ದರು.

ಮುಷ್ಟಿಯಲ್ಲಿ ಬಿಗಿಹಿಡಿದು...

ಪ್ರಣತಿ ಬುತ್ತಿ ಬಿಟ್ಟು ಕಂಪ್ಯೂಟರಿನ ಕಡೆ ತಿರುಗಿದಳು.

ಹೋದ ವರ್ಷ ಹೆಂಗಸರ ಸಂಘದವರು ಗೋವೆಗೆ ಹೋಗಿ ಬಂದ ಫೋಟೋಗಳೆಲ್ಲ ಇದ್ದ ಪೆನ್‌ಡ್ರೈವ್ ದೋಣಿಯಿಂದ ನೀರಿಗೆ ಬಿದ್ದುಹೋಗಿತ್ತು. ಗುಲಾಬಿ ಅತ್ತೆ ಎರಡು ದಿನ ಅತ್ತಿದ್ದಳು. ಆಗ ಪ್ರಣತಿ ತಾನಾಗಿಯೇ, ಯಾರಿಗೂ ಹೇಳದೆ, ಠಾಣೆಯ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದಳು: ಯಾರೇ ಬಂದು ಏನೇ ಡಿಸ್ಕ್ ಚುಚ್ಚಲಿ, ಕೇಳದೆ ಕಾಯದೆ ಅದರಲ್ಲಿರುವುದನ್ನೆಲ್ಲ ನಕಲು ಮಾಡಿಕೋ. ಒಂದು ಕಣವೂ ಕಳೆದುಹೋಗಬಾರದು.

ಆ ಪ್ರೋಗ್ರಾಂ ಈಗ ನಕಲಿ ಸಿಡಿಯನ್ನೂ ಹಾಗೆಯೇ ಅಪ್ಪಿ ಹಿಡಿದಿತ್ತು. ಹಳೇ ಡಾಂಗಲ್ಲಿನ ನೆನಪಿನಲ್ಲಿ ಒಂದು ಚೂರು ಓದಲು ಬಾರದಂತೆ ಕೆಟ್ಟಿತ್ತು. ಪ್ರೋಗ್ರಾಂ ಆ ಚೂರನ್ನೂ ಬಿಡಲೊಲ್ಲದೆ, ಸೋಮವಾರದಿಂದ ಒಂದೇ ಸಮನೆ ಓದಲು ಹೆಣಗುತ್ತಿತ್ತು. ಹಿಡಿದವರು ಬಿಟ್ಟರಲ್ಲವೇ ಸಿಡಿ ಹೊರಗೆ ಹೋಗುವುದು? ಬಳಕೆಯಲ್ಲಿದೆ, ಬಳಕೆಯಲ್ಲಿದೆ! ಬಳಸುತ್ತಿದ್ದವಳು ಅವಳೇ.

"ಆಯಿ! ನಾನು ಮುಷ್ಟಿ ಬಿಡ್ಲಿಲ್ಲ!"

"ಯಾವ ಮುಷ್ಟಿಯೇ?"

ಪ್ರಣತಿ ಪ್ರೋಗ್ರಾಮನ್ನು ನಿಲ್ಲಿಸಿದಳು. ಸಿಡಿಯನ್ನು ಹೊರಗೆ ತಳ್ಳುವ ಆಜ್ಞೆಯನ್ನು ಬರೆದು, ಎಂಟರ್ ಒತ್ತುವ ಮುಂಚೆ, ತುಟಿಯಲ್ಲೇ ಅಂದುಕೊಂಡಳು: ನೀ ಹೋಗು, ನಿನ್ನ ಬಳಗ ಕಳ್ಸು.

ಸಿಡಿ ಹೋಯಿತು. ಅದರ ಜಾಗದಲ್ಲಿ ಒಂದರ ಹಿಂದೊಂದು ಮೋಡೆಮ್ಮಿನ ಮೂರು ಬಾಗಿಲು ತೆರೆದುಕೊಂಡವು. ಬಳಗ ಬಂದಿತ್ತು.

ಮೊದಲ ಬಾಗಿಲಲ್ಲಿ ನಿಂತು ಎಟಿ ಎಂದು ಬರೆದಳು. ಮೋಡೆಮ್ ಭಾಷೆಯಲ್ಲಿ 'ಇಲ್ಲಿ ಕೇಳು' ಎಂದರ್ಥ. ಶೋಕೇಸಿನಲ್ಲಿ ಗಣಪತಿಯ ಪಕ್ಕ ಇಷ್ಟು ಕಾಲ ಯಾರ ಜೊತೆಯೂ ಮಾತಿಲ್ಲದೆ ಕುಳಿತಿದ್ದ ಆ ಮುದಿ ಜೀವ, ಯಾವ ಮುನಿಸೂ ಇಲ್ಲದೆ, ಓಕೆ ಎಂದಿತು.

ಸಿಮ್ಮಿನ ಕಂಪನಿಯ ಹೆಸರು ಕೊಟ್ಟು, ಟವರಿಗೆ ಕರೆ ಹಚ್ಚಿದಳು. ಡಾಂಗಲ್ಲಿನ ದೀಪ ಕೆಂಪಾಗಿ ಮಿಣುಕಿ, ನೀಲಿಯಾಗಿ ಮಿಣುಕಿ, ಮಿಣುಕುವುದನ್ನು ಬಿಟ್ಟು ನೀಲಿಯಲ್ಲೇ ನಿಂತಿತು. ಫೋನು ಬಡಿದುಕೊಂಡಿತು.

"ತಂಗೀ! ಬಂದ್ವು! ನಿಮ್ಮ ಮಂದಿ ಬಂದ್ರು!" ಕಿತ್ತೂರರು ಕುರ್ಚಿಯಿಂದ ಅರ್ಧ ಎದ್ದಿದ್ದರು. "ಹಳದಿ ದೀಪ ಹಚ್ಚೀನಿ ನೋಡ್ರಿ. ಸ್ವಲ್ಪ ಹೊತ್ತು ಅವು ಹೆಂಗ ನೀರು ಕುಡೀತಾವು ಅಂತ ನೋಡಿ ಹಸಿರು ಮಾಡ್ತೇನಿ."

ಹಳದಿ ಎಂದರೆ 'ನೋಡುತ್ತಿದ್ದೇವೆ, ತಾಳಿ' ಎಂದು. ಆದರೆ ಇಡೀ ತಿಂಗಳು ಕೆಂಪನ್ನೇ ಕಂಡವರಿಗೆ ತಾಳುವುದು ಎಲ್ಲಿಯ ಮಾತು? ಕಂಬದ ಮೇಲೆ ಹಳದಿ ಹೊತ್ತಿದ್ದೇ ತಡ, ದಡದಿಂದ "ಹೋ!" ಎಂದು ಒಂದು ಕೂಗು ಎದ್ದಿತು. ಅದಕ್ಕೂ ಮುಂಚೆ ಆಯಿ ಹೊಸ್ತಿಲು ಬಿಟ್ಟು ಓಡಿಯಾಗಿತ್ತು. ಹೆಂಗಸರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ನೀರಿಗೆ ನುಗ್ಗಿದರು. ಗುಲಾಬಿ ಅತ್ತೆ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಮಡುವಿನ ಪಕ್ಕದಲ್ಲೇ ಕುಣಿಯತೊಡಗಿದಳು.

"ತಂಗಿ." ಕಿತ್ತೂರರ ದನಿ ಬದಲಾಗಿತ್ತು. "ನಲವತ್ತೂ ಒಮ್ಮಿಗೇ ಬಾಯಿ ಮುಚ್ಚಿದ್ವು. ಒಂದೂ ಬಿಟ್ಟಿಲ್ಲ. ಇದು ವಿಷದ ಲಕ್ಷಣ. ನಾ ಕೆಂಪು ಮಾಡಬೇಕಾಗ್ತದ."

ಪ್ರಣತಿ ಕಿಟಕಿಯಿಂದ ನೋಡಿದಳು. "ಸರ್, ಅದು ವಿಷ ಅಲ್ಲ. ಅದು ನಮ್ಮ ಆಯಿ."

"ಏನಂದ್ರಿ?"

"ಕುಣೀತಾ ಇದ್ದಾರೆ ಸರ್. ಎಲ್ಲರೂ. ನೆಲ ನಡುಗಿದ್ರೆ ಬಳಚು ಮುಚ್ಚಿಕೊಳ್ಳತ್ತೆ. ಅವರು ಅಲ್ಲಾಡದೆ ನಿಂತರೆ ತಾನೇ ತೆರೆಯತ್ತೆ. ವಿಷ ಆಗಿದ್ರೆ, ನಿಂತರೂ ತೆರೆಯೋದಿಲ್ಲ. ನೋಡಿ ಸರ್. ದಯವಿಟ್ಟು ನೋಡಿ." ಒಂದೇ ಉಸಿರಿನಲ್ಲಿ ಇಷ್ಟು ಮಾತು ಆಡಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಖರೇ ಪ್ರಯೋಗ ಅದು," ಕಿತ್ತೂರರು ಬೆರಳನ್ನು ಕೆಂಪು ಗುಂಡಿಯ ಮೇಲಿಟ್ಟುಕೊಂಡೇ ಹೇಳಿದರು. "ನಿಲ್ಲಸ್ರಿ ಅವರನ್ನ. ಲಗೂನ."

ಪ್ರಣತಿ ಹೊರಗೆ ಓಡಿ ಠಾಣೆಯ ಮುಂದಿನ ಕಟ್ಟೆಯ ತುದಿಯಲ್ಲಿ ನಿಂತಳು. ಕೈ ಬೀಸಿದಳು; ಹೆಂಗಸರು ತಿರುಗಿ ಕೈ ಬೀಸಿ ಇನ್ನೂ ಜೋರಾಗಿ ಕುಣಿದರು. ಗಂಟಲಲ್ಲಿ ಆ ಕಡುಬು ಬಂದು ಕೂತಿತು. ಮಾತಿಲ್ಲದ ಥಂಡಿ ಕೋಣೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ನಿಂತ ಆಯಿ ಕಣ್ಣ ಮುಂದೆ ಬಂದಳು.

"ಆಯೀ! ನಿಲ್ಲೀ ಎಲ್ಲರೂ! ಅಲ್ಲಾಡಬೇಡಿ!"

ಅಳಿವೆಯ ಆಚೆ ಬದಿಯ ಬೆಳ್ಳಕ್ಕಿಗಳೂ ಹಾರಿದವು. ಹೆಂಗಸರು ನಿಂತಲ್ಲೇ ನಿಂತರು. ಅವರನ್ನು ನಿಲ್ಲಿಸಿದ್ದು ಮಾತಿನ ಅರ್ಥವಲ್ಲ, ಆ ದನಿ ಯಾರದು ಎಂಬ ಆಶ್ಚರ್ಯ. ಗುಲಾಬಿ ಅತ್ತೆಯ ಒಂದು ಕಾಲು ಗಾಳಿಯಲ್ಲೇ ಉಳಿಯಿತು. ಪಕ್ಕದವಳ ಭುಜ ಹಿಡಿದು ಅದನ್ನು ಮೆಲ್ಲಗೆ ನೀರಿಗಿಳಿಸಿದಳು.

ಮಾಣಿಕಕುರ್ವೆಯ ಹೆಂಗಸರು ಒಟ್ಟಿಗೆ ಸುಮ್ಮನಾದದ್ದನ್ನು ಆ ನದಿ ಅದೇ ಮೊದಲು ಕಂಡಿದ್ದು. ಮೊಣಕಾಲ ಸುತ್ತ ನೀರು ಸರಿಯುವ ಸದ್ದು ಕೇಳುತ್ತಿತ್ತು. ಆಯಿ ತುಟಿಗಳನ್ನು ಒಳಕ್ಕೆಳೆದು, ಕೆನ್ನೆ ಉಬ್ಬಿಸಿ, ಮಾತನ್ನು ಹೊಟ್ಟೆಯಲ್ಲೇ ತಡೆದು ನಿಂತಿದ್ದಳು.

ಕೈಯಲ್ಲಿದ್ದ ಫೋನಿನಿಂದ ಪಿಸುದನಿ ಬಂತು. ಅಷ್ಟು ದೂರದ ಕಾರವಾರದಲ್ಲಿ ಕುಳಿತು ಕಿತ್ತೂರರೂ ಪಿಸುಗುಟ್ಟುತ್ತಿದ್ದರು. "ಒಂದು ತಗೀತು... ಇನ್ನೊಂದು... ಯವ್ವಾ, ಹೆಂಗ ಇಣುಕಿ ನೋಡ್ತಾವು... ಹತ್ತು... ತಂಗಿ, ಎಲ್ಲಾ ತಗದ್ವು! ಹೊಟ್ಟಿ ತುಂಬ ನೀರು ಕುಡ್ಯಾಕ ಹತ್ಯಾವು!"

ಕಂಬದ ಮೇಲೆ ಹಸಿರು ಹೊತ್ತಿತು.

ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಕಟ್ಟೆಯ ಮೇಲಿದ್ದ ಹುಡುಗಿಯ ಮುಖ ನೋಡುತ್ತ ಅಪ್ಪಣೆಗೆ ಕಾಯುತ್ತಿದ್ದರು.

"ಇನ್ನು ಕೂಗಿ!" ಎಂದು ಪ್ರಣತಿ ಕೂಗಿದಳು.

ಎದ್ದ ಗದ್ದಲಕ್ಕೆ ನಲವತ್ತೂ ಬಳಚುಗಳು ಮತ್ತೆ ಟಪ್ಪನೆ ಮುಚ್ಚಿಕೊಂಡವಂತೆ. ಈ ಸಲ ಕಿತ್ತೂರರು ಗುಂಡಿ ಮುಟ್ಟಲಿಲ್ಲ. ವಿಷ ಯಾವುದು, ಮೋಹಿನಿಯ ಸೈನ್ಯ ಯಾವುದು ಎಂದು ಅವರಿಗೆ ಈಗ ಗೊತ್ತಿತ್ತು. "ಥ್ಯಾಂಕ್ಸ್ ಸರ್," ಎಂದಳು ಪ್ರಣತಿ, ಗುರುವಾರದ್ದೂ ಸೇರಿಸಿ.

ಆಯಿ ಬಗ್ಗಿ ಮರಳಿಗೆ ಕೈ ಹಾಕಿದಳು. ಮೊದಲ ಬಳಚು ಸಿಕ್ಕಿತು, ಅಂಗೈ ತುಂಬುವಂಥದ್ದು. ಅದನ್ನು ಮಗಳಿಗೆ ಕಾಣುವಂತೆ ಎತ್ತಿ ಹಿಡಿದು, ದೂರದ ನೀರಿಗೆ ಬೀಸಿ ಎಸೆದಳು.

"ಯೇ ಮೋಹಿನೀ," ಗುಲಾಬಿ ಅತ್ತೆ ಕೇಕೆ ಹಾಕಿದಳು, "ನಿನ್ನ ನಲವತ್ತೊಂದನೇದೂ ಬಾಯಿ ಬಿಡ್ತಲ್ಲೇ!"

"ಬಿಡ್ಲಿ ಬಿಡೇ," ಎಂದಳು ಆಯಿ, ಎರಡನೆಯದಕ್ಕೆ ಕೈ ಹಾಕುತ್ತ. "ನೀರು ಚಲೋ ಅದೆ ಅಂದಾಯ್ತು."